ಮೂಡಲ್‌ನ ಮುಂದಿನ ಆವೃತ್ತಿಗಳು: ಅಧ್ಯಾಪಕರು ಮೊದಲೇ ನೋಡಿಕೊಳ್ಳಬೇಕಾದದ್ದು

ಪಠ್ಯಪುಸ್ತಕ ಬದಲಾಗುತ್ತದೆ ಎಂಬ ಸುದ್ದಿ ನಮಗೆ ಸುತ್ತೋಲೆಯಲ್ಲಿ ಬರುತ್ತದೆ. ಪುಸ್ತಕ ಕೈಗೆ ಸಿಗುವ ವೇಳೆಗೆ ತರಗತಿಗಳು ಆರಂಭವಾಗಿರುತ್ತವೆ. ಯಾವ ಅಧ್ಯಾಯ ಹೋಗಿದೆ, ಯಾವುದು ಹೊಸದಾಗಿ ಸೇರಿದೆ ಎಂದು ತಿಳಿಯುವಷ್ಟರಲ್ಲಿ ಮೊದಲ ಕಿರುಪರೀಕ್ಷೆ ಎದುರಿಗಿರುತ್ತದೆ. ಇದು ನಮಗೆಲ್ಲ ಅಭ್ಯಾಸವಾಗಿಬಿಟ್ಟಿದೆ. ಹಾಗಾಗಿಯೇ ಇರಬೇಕು, ಪಾಠಕ್ಕೆ ಬಳಸುವ ಗಣಕ ತಂತ್ರಾಂಶ ಬದಲಾದಾಗಲೂ 'ಬಂದ ಮೇಲೆ ನೋಡಿಕೊಂಡರಾಯಿತು' ಎಂದು ಸುಮ್ಮನಿರುತ್ತೇವೆ.

ಮುಕ್ತ ಆಕರ ತಂತ್ರಾಂಶಗಳ ವಿಷಯದಲ್ಲಿ ಹೀಗೆ ಕಾಯುತ್ತ ಕೂರಬೇಕಾಗಿಲ್ಲ. ಅಲ್ಲಿ ಬರಲಿರುವ ಬದಲಾವಣೆಯ ಕರಡು ಪ್ರತಿ ಎಲ್ಲರಿಗೂ ಮೊದಲೇ ತೆರೆದಿರುತ್ತದೆ. ಇಷ್ಟವಿದ್ದವರು ಓದಬಹುದು, ಬಳಸಿ ನೋಡಬಹುದು, ತಪ್ಪಿದ್ದರೆ ತಿಳಿಸಬಹುದು. ಕಲಿಕಾ ನಿರ್ವಹಣಾ ತಂತ್ರಾಂಶಗಳಲ್ಲಿ ಬಹಳ ಹೆಸರಾದ ಮೂಡಲ್ ಅನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಹೊಸ ಸೌಲಭ್ಯಗಳು ಹೇಗೆ ಸಿದ್ಧವಾಗುತ್ತವೆ, ಈಚಿನ ಆವೃತ್ತಿಗಳು ಏನನ್ನು ಬದಲಿಸಿವೆ, ಅಧ್ಯಾಪಕರಾದ ನೀವು ಮುಂಚಿತವಾಗಿ ಯಾವುದನ್ನು ಪರೀಕ್ಷಿಸಬೇಕು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಮೂಡಲ್ ಎಂದರೇನು?

ಮೂಡಲ ದಿಕ್ಕಿಗೂ ಈ ಹೆಸರಿಗೂ ಸಂಬಂಧವಿಲ್ಲ. 'ಮಾಡ್ಯುಲರ್ ಆಬ್ಜೆಕ್ಟ್-ಓರಿಯೆಂಟೆಡ್ ಡೈನಾಮಿಕ್ ಲರ್ನಿಂಗ್ ಎನ್ವಿರಾನ್‌ಮೆಂಟ್' ಎಂಬ ಉದ್ದನೆಯ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಮಾಡಿದ ಪದ ಅದು. ಆಸ್ಟ್ರೇಲಿಯದ ಪರ್ತ್ ನಗರದ ಕರ್ಟಿನ್ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಟಿನ್ ದುಗಿಯಾಮಾಸ್ ಇದನ್ನು ಆರಂಭಿಸಿದರು. ಪಶ್ಚಿಮ ಆಸ್ಟ್ರೇಲಿಯದ ಜನವಿರಳ ಒಳನಾಡಿನಲ್ಲಿ ಬೆಳೆದ ಅವರು ಬಾಲ್ಯದ ಪಾಠಗಳನ್ನು ಕಲಿತದ್ದು ಹ್ರಸ್ವ ತರಂಗ ರೇಡಿಯೋದ ಮೂಲಕ. ದೂರದಲ್ಲಿರುವ ವಿದ್ಯಾರ್ಥಿಯ ಕಷ್ಟ ಅವರಿಗೆ ಪುಸ್ತಕದಿಂದ ತಿಳಿದದ್ದಲ್ಲ. ಮೂಡಲ್‌ನ ಮೊದಲ ಪೂರ್ಣ ಆವೃತ್ತಿ 1.0 ಬಿಡುಗಡೆಯಾದದ್ದು 2002ರ ಆಗಸ್ಟ್ 20ರಂದು.

ಇದು ಮಾಡುವ ಕೆಲಸ ಸರಳವಾಗಿ ಹೇಳುವುದಾದರೆ ಹೀಗೆ. ಕಾಲೇಜಿನ ಸರ್ವರ್ ಒಂದರಲ್ಲಿ ಇದನ್ನು ಸ್ಥಾಪಿಸಿದರೆ ಪ್ರತಿ ವಿಷಯಕ್ಕೂ ಒಂದು ಕೋರ್ಸ್ ತೆರೆಯಬಹುದು. ಅದರಲ್ಲಿ ಟಿಪ್ಪಣಿಗಳನ್ನು ಹಾಕಬಹುದು, ನಿಯೋಜಿತ ಕಾರ್ಯಗಳನ್ನು ಕೊಡಬಹುದು, ಕ್ವಿಜ್ ನಡೆಸಬಹುದು, ಅಂಕಗಳನ್ನು ಒಂದೆಡೆ ದಾಖಲಿಸಬಹುದು. ತಂತ್ರಾಂಶ ಪಿ.ಎಚ್.ಪಿ. ಭಾಷೆಯಲ್ಲಿದೆ. ಸಾರ್ವಜನಿಕ ಪರವಾನಗಿಯಾದ ಜಿ.ಪಿ.ಎಲ್. ಅಡಿಯಲ್ಲಿ ಇರುವುದರಿಂದ ಅದರ ಆಕರ ಸಂಕೇತವನ್ನು ಯಾರು ಬೇಕಾದರೂ ಪಡೆದು, ಬಳಸಿ, ಬದಲಿಸಿ, ಹಂಚಬಹುದು. ಪರವಾನಗಿ ಶುಲ್ಕವಿಲ್ಲ. ಆದರೆ ಖರ್ಚೇ ಇಲ್ಲ ಎಂದು ತಿಳಿಯಬೇಡಿ. ಸರ್ವರ್, ವಿದ್ಯುತ್ತು, ಅದನ್ನು ನೋಡಿಕೊಳ್ಳುವವರ ಸಮಯ ಇವೆಲ್ಲವೂ ಖರ್ಚೇ. ನೋಡಿಕೊಳ್ಳುವ ಜವಾಬ್ದಾರಿ ನಮ್ಮದಾಗುವುದರಿಂದಲೇ ಮುಂದೆ ಬರಲಿರುವುದನ್ನು ತಿಳಿದಿರಬೇಕಾದ ಹೊಣೆಯೂ ನಮ್ಮದಾಗುತ್ತದೆ.

ಆವೃತ್ತಿಗಳ ಪಂಚಾಂಗ

ಮೂಡಲ್‌ನ ಪ್ರಧಾನ ಆವೃತ್ತಿಗಳು ವರ್ಷಕ್ಕೆ ಎರಡು ಬಾರಿ, ಈಚೆಗೆ ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಬರುತ್ತಿವೆ. ಹೊಸ ರೂಪವಿನ್ಯಾಸದ 4.0 ಬಂದದ್ದು 2022ರ ಏಪ್ರಿಲ್‌ನಲ್ಲಿ. 2024ರ ಅಕ್ಟೋಬರ್‌ನಲ್ಲಿ 4.5, 2025ರ ಏಪ್ರಿಲ್‌ನಲ್ಲಿ 5.0, ಅದೇ ವರ್ಷದ ಅಕ್ಟೋಬರ್‌ನಲ್ಲಿ 5.1 ಬಿಡುಗಡೆಯಾದವು. ಇವುಗಳ ನಡುವೆ ಸುಮಾರು ಎರಡು ತಿಂಗಳಿಗೊಮ್ಮೆ ದೋಷಗಳನ್ನು ಸರಿಪಡಿಸಿದ ಸಣ್ಣ ಆವೃತ್ತಿಗಳು ಬರುತ್ತವೆ.

ಎಲ್ಲ ಆವೃತ್ತಿಗಳಿಗೂ ಒಂದೇ ಆಯುಷ್ಯವಿಲ್ಲ. ಸಾಮಾನ್ಯ ಆವೃತ್ತಿಗೆ ಭದ್ರತಾ ತಿದ್ದುಪಡಿಗಳು ಸುಮಾರು ಒಂದೂವರೆ ವರ್ಷ ಸಿಗುತ್ತವೆ. ಕೆಲವನ್ನು ಮಾತ್ರ 'ದೀರ್ಘಕಾಲದ ಬೆಂಬಲ'ದ ಆವೃತ್ತಿಗಳೆಂದು ಗುರುತಿಸಿ ಅವುಗಳಿಗೆ ಮೂರು ವರ್ಷ ತಿದ್ದುಪಡಿ ಕೊಡಲಾಗುತ್ತದೆ. 4.1 ಅಂಥದು. ಅದರ ಅವಧಿ 2025ರ ಕೊನೆಗೆ ಮುಗಿಯಿತು. 4.5 ಕೂಡ ಅಂಥದೇ. ಅದಕ್ಕೆ 2027ರ ಅಕ್ಟೋಬರ್‌ವರೆಗೆ ಭದ್ರತಾ ತಿದ್ದುಪಡಿ ಇದೆ. ಪ್ರಕಟಿತ ವೇಳಾಪಟ್ಟಿಯಲ್ಲಿ 5.2ಕ್ಕೆ 2026ರ ಏಪ್ರಿಲ್ ಗೊತ್ತುಮಾಡಲಾಗಿದೆ. ದೀರ್ಘಕಾಲದ ಬೆಂಬಲವಿರುವ ಮುಂದಿನ ಆವೃತ್ತಿಯಾದ 5.3ಕ್ಕೆ 2026ರ ಅಕ್ಟೋಬರ್ ಗೊತ್ತಾಗಿದೆ.

ನಮ್ಮ ಶೈಕ್ಷಣಿಕ ವರ್ಷದೊಂದಿಗೆ ಇದನ್ನು ಹೋಲಿಸಿ ನೋಡಿ. ಅಕ್ಟೋಬರ್ ಎಂದರೆ ತರಗತಿ, ಪರೀಕ್ಷೆಗಳ ನಡುಗಾಲ. ಆಗ ಬಂದದ್ದನ್ನು ಆಗಲೇ ಸ್ಥಾಪಿಸುವುದು ಜಾಣತನವಲ್ಲ. ಮುಂದಿನ ಬೇಸಿಗೆ ರಜೆಯವರೆಗೆ ಕಾದರೆ ಎರಡು ಮೂರು ಸಣ್ಣ ಆವೃತ್ತಿಗಳು ಬಂದು ಆರಂಭದ ದೋಷಗಳು ಕಡಿಮೆಯಾಗಿರುತ್ತವೆ. ನಿಮ್ಮ ಪರೀಕ್ಷಾ ಪ್ರಯೋಗಕ್ಕೂ ಆರು ತಿಂಗಳು ಸಿಕ್ಕಿರುತ್ತದೆ. ಈಗ 4.5ರಲ್ಲಿ ಇರುವ ಕಾಲೇಜು 2027ರ ಬೇಸಿಗೆಯನ್ನು ಗುರಿಯಾಗಿ ಇಟ್ಟುಕೊಂಡರೂ ತಡವಾಗುವುದಿಲ್ಲ. ಇನ್ನೂ 4.1ರಲ್ಲಿ ಉಳಿದವರು ಮಾತ್ರ ಕಾಯುವಂತಿಲ್ಲ. ಅವರು ಅಲ್ಲಿಂದ 5.0ಕ್ಕೆ ನೇರವಾಗಿ ಜಿಗಿಯಲಾಗದು. ಮೊದಲು 4.5ಕ್ಕೆ ಬಂದು, ಅದು ಸರಿಯಾಗಿ ನಡೆಯುವುದನ್ನು ನೋಡಿಕೊಂಡು ಮುಂದುವರಿಯಬೇಕು.

ಟಿಪ್ಪಣಿ ಓದದೆ ಕಲಿತ ಪಾಠ

ಇಷ್ಟೊಂದು ಎಚ್ಚರಿಕೆ ಏಕೆ ಎಂದು ನಿಮಗೆ ಅನ್ನಿಸಬಹುದು. ನನ್ನ ಅನುಭವವನ್ನೇ ಹೇಳುತ್ತೇನೆ. 2011ರ ಆರಂಭದಲ್ಲಿ ನಾನು ಕೆಲಸ ಮಾಡುತ್ತಿದ್ದ ಕಾಲೇಜಿಗೆ ಹೊಸ ಗಣಕ ಬಂತು. ಹಳೆಯದರಲ್ಲಿ ಮೂಡಲ್ 1.9 ಇತ್ತು. ಹಿಂದಿನ ನವೆಂಬರ್‌ನಲ್ಲಷ್ಟೇ 2.0 ಬಿಡುಗಡೆಯಾಗಿತ್ತು. ಹೊಸ ಯಂತ್ರಕ್ಕೆ ಹೊಸ ಆವೃತ್ತಿಯೇ ಇರಲಿ ಎಂದು ನಾವಿಬ್ಬರು ಅಧ್ಯಾಪಕರು ಒಂದು ಭಾನುವಾರ ಕುಳಿತು ಕೋರ್ಸ್‌ಗಳ ಬ್ಯಾಕಪ್ ಕಡತಗಳನ್ನು ತೆಗೆದುಕೊಂಡೆವು. ಹಳೆಯ ಯಂತ್ರ ಬೇರೆ ವಿಭಾಗಕ್ಕೆ ಬೇಕಾಗಿತ್ತು. ಅದನ್ನು ಅಳಿಸಿ ಕೊಟ್ಟೆವು. ಆಮೇಲೆ 2.0 ಸ್ಥಾಪಿಸಿ ಬ್ಯಾಕಪ್‌ಗಳನ್ನು ಪುನಃಸ್ಥಾಪಿಸಲು ಹೋದರೆ ಒಂದೂ ತೆರೆಯಲಿಲ್ಲ.

ಕಡತಗಳು ಕೆಟ್ಟಿರಲಿಲ್ಲ. 2.0ರಲ್ಲಿ ಬ್ಯಾಕಪ್‌ನ ರಚನೆಯನ್ನೇ ಬದಲಿಸಲಾಗಿತ್ತು. 1.9ರ ಬ್ಯಾಕಪ್‌ಗಳನ್ನು ಓದುವ ವ್ಯವಸ್ಥೆ 2.0ರಲ್ಲಿ ಇರಲಿಲ್ಲ. 1.9ರ ತಾಣವನ್ನು ಇಡಿಯಾಗಿ ಮೇಲ್ದರ್ಜೆಗೆ ಏರಿಸಿದ್ದರೆ ಎಲ್ಲವೂ ಉಳಿಯುತ್ತಿತ್ತು. ಹಳೆಯ ಬ್ಯಾಕಪ್ ತೆರೆಯುವ ಸೌಲಭ್ಯ ಬಂದದ್ದು 2011ರ ಜುಲೈನಲ್ಲಿ, 2.1ರೊಂದಿಗೆ. ಅದೂ ಪಾಠ, ಪ್ರಶ್ನೆಗಳಿಗೆ ಮಾತ್ರ. ವಿದ್ಯಾರ್ಥಿಗಳ ಉತ್ತರ, ಅಂಕಗಳು ಅದರಲ್ಲಿ ಬರುತ್ತಿರಲಿಲ್ಲ. ನಮ್ಮ ಆಂತರಿಕ ಮೌಲ್ಯಮಾಪನ ಮಾರ್ಚ್‌ನಲ್ಲಿತ್ತು. ಎರಡು ಕಿರುಪರೀಕ್ಷೆಗಳ ಅಂಕ ಹೋಗಿ ಅರುವತ್ತಕ್ಕೂ ಹೆಚ್ಚು ಮಕ್ಕಳು ಮತ್ತೆ ಪರೀಕ್ಷೆ ಬರೆಯಬೇಕಾಯಿತು. ಅವರಲ್ಲಿ ಒಬ್ಬ ಹುಡುಗಿ, 'ಸರ್, ಮೊದಲ ಸಲ ನನಗೆ ಇಪ್ಪತ್ತಕ್ಕೆ ಹತ್ತೊಂಬತ್ತು ಬಂದಿತ್ತು' ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಅವಳ ಮಾತನ್ನು ತೋರಿಸಲು ನನ್ನ ಬಳಿ ದಾಖಲೆಯೂ ಇರಲಿಲ್ಲ.

ಈ ಬದಲಾವಣೆಯನ್ನು ಯಾರೂ ಬಚ್ಚಿಟ್ಟಿರಲಿಲ್ಲ. ಬಿಡುಗಡೆಯ ಟಿಪ್ಪಣಿಯಲ್ಲಿ ಅದು ಇತ್ತು. ನಾವು ಹೊಸ ಸೌಲಭ್ಯಗಳ ಪಟ್ಟಿಯನ್ನು ಓದಿದ್ದೆವೇ ಹೊರತು ಏನು ಕೆಲಸ ಮಾಡುವುದಿಲ್ಲ ಎಂಬುದನ್ನು ಓದಿರಲಿಲ್ಲ. ಅಂದಿನಿಂದ ನಾನು ಪಾಲಿಸುತ್ತಿರುವ ನಿಯಮ ಇದು: ಬರಲಿರುವ ಆವೃತ್ತಿಯ ಮುನ್ನೋಟದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ 'ಹೊಸದೇನು ಬರುತ್ತದೆ' ಎಂಬುದಲ್ಲ, 'ನನ್ನ ಹಳೆಯದು ಎಲ್ಲಿಗೆ ಹೋಗುತ್ತದೆ' ಎಂಬುದು.

ಒಂದು ಸೌಲಭ್ಯ ಸಿದ್ಧವಾಗುವ ಬಗೆ

ಮೂಡಲ್‌ನಲ್ಲಿ ಮಾಡಬೇಕಾದ ಪ್ರತಿಯೊಂದು ಬದಲಾವಣೆಗೂ, ಅದು ದೋಷವಿರಲಿ ಹೊಸ ಸೌಲಭ್ಯವಿರಲಿ, 'ಟ್ರ್ಯಾಕರ್' ಎಂಬ ಸಾರ್ವಜನಿಕ ದಾಖಲೆಯಲ್ಲಿ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆ ಹಿಡಿದು ಹೋದರೆ ಯಾರು ಕೇಳಿದರು, ಏಕೆ ಕೇಳಿದರು, ಎಷ್ಟು ಜನ ಬೆಂಬಲಿಸಿದರು, ಕೆಲಸ ಎಲ್ಲಿಗೆ ಬಂದಿದೆ ಎಲ್ಲವೂ ತಿಳಿಯುತ್ತದೆ. ಒಬ್ಬರು ಬರೆದ ಸಂಕೇತವನ್ನು ಇನ್ನೊಬ್ಬರು ಪರಿಶೀಲಿಸುತ್ತಾರೆ. ನಂತರ ಅದು ಅಭಿವೃದ್ಧಿಯ ಪ್ರತಿಯಲ್ಲಿ ಸೇರುತ್ತದೆ, ಪರೀಕ್ಷೆಗೆ ಒಳಗಾಗುತ್ತದೆ. ಬಿಡುಗಡೆಗೆ ಮುನ್ನ ಕೆಲವು ವಾರ, ಸ್ವಯಂಸೇವಕರು ಸಿದ್ಧ ಸೂಚನೆಗಳ ಪ್ರಕಾರ ಒಂದೊಂದೇ ಸೌಲಭ್ಯವನ್ನು ಕೈಯಾರೆ ಬಳಸಿ ನೋಡುತ್ತಾರೆ. ಇದಕ್ಕೆ ಪ್ರೋಗ್ರಾಮಿಂಗ್ ತಿಳಿದಿರಲೇಬೇಕು ಎಂದಿಲ್ಲ. ಪ್ರಯೋಗಾಲಯದ ಕೈಪಿಡಿಯನ್ನು ಓದಿ ಪ್ರಯೋಗ ಮಾಡಬಲ್ಲ ವಿದ್ಯಾರ್ಥಿ ಈ ಕೆಲಸವನ್ನೂ ಮಾಡಬಲ್ಲ.

ಹಾಗಾಗಿ 'ಬರಲಿದೆ' ಎಂಬ ಮಾತಿಗೆ ಮೂರು ಬೇರೆ ಬೇರೆ ಅರ್ಥಗಳಿವೆ. ಮಾರ್ಗಸೂಚಿಯಲ್ಲಿ ಮಾತ್ರ ಇರುವುದು ಒಂದು ಉದ್ದೇಶ. ಅದು ಮುಂದಕ್ಕೆ ಹೋಗಬಹುದು, ಕೈಬಿಟ್ಟೂ ಹೋಗಬಹುದು. ಅಭಿವೃದ್ಧಿಯ ಪ್ರತಿಯಲ್ಲಿ ಸೇರಿರುವುದು ಪ್ರಯೋಗದ ಹಂತದಲ್ಲಿರುವುದು. ಬಿಡುಗಡೆಯಾದ ಆವೃತ್ತಿಯಲ್ಲಿ ಇರುವುದು ಮಾತ್ರ ನೆಚ್ಚಬಹುದಾದದ್ದು. ಮೊದಲನೆಯದರ ಬಗ್ಗೆ ಅಭಿಪ್ರಾಯ ಹೇಳಿ, ಎರಡನೆಯದನ್ನು ಪರೀಕ್ಷಿಸಿ, ಮೂರನೆಯದನ್ನು ನಂಬಿ ವೇಳಾಪಟ್ಟಿ ಹಾಕಿಕೊಳ್ಳಿ. ಮುಳ್ಳು ಅಲುಗಾಡುತ್ತಿರುವಾಗ ಅಮ್ಮೀಟರಿನ ಅಳತೆಯನ್ನು ನಾವು ಬರೆದುಕೊಳ್ಳುವುದಿಲ್ಲವಷ್ಟೆ.

ಪ್ರಶ್ನೆಕೋಠಿಯ ಸ್ಥಳಾಂತರ

ಈಚಿನ ಬದಲಾವಣೆಗಳಲ್ಲಿ ಅಧ್ಯಾಪಕರಿಗೆ ಅತ್ಯಂತ ಮುಖ್ಯವಾದದ್ದು 5.0ರಲ್ಲಿ ಆದ ಪ್ರಶ್ನೆಕೋಠಿಯ ಪುನರ್ರಚನೆ. ಅದರ ಮಹತ್ವ ತಿಳಿಯಬೇಕಾದರೆ ಒಂದು ಪ್ರಶ್ನೆಯ ಹಿಂದೆ ಎಷ್ಟು ಕೆಲಸವಿರುತ್ತದೆ ಎಂದು ನೋಡಬೇಕು.

ಸರಳ ಲೋಲಕವನ್ನು ತೆಗೆದುಕೊಳ್ಳಿ. ಉದ್ದ ಕೊಟ್ಟು ಆವರ್ತಕಾಲ ಕೇಳುವ ಪ್ರಶ್ನೆ. ಕಾಗದದ ಮೇಲೆ ಇದು ಒಂದೇ ಪ್ರಶ್ನೆ. ಮೂಡಲ್‌ನ 'ಲೆಕ್ಕಾಚಾರದ ಪ್ರಶ್ನೆ' ಎಂಬ ಬಗೆಯಲ್ಲಿ ಉದ್ದದ ಜಾಗದಲ್ಲಿ ಒಂದು ಚರವನ್ನು ಇಟ್ಟು, ಅದು 0.40 ಮೀಟರಿನಿಂದ 1.20 ಮೀಟರಿನವರೆಗೆ ಬದಲಾಗಲಿ ಎಂದು ಸೂಚಿಸಬಹುದು. ಆಗ ಒಬ್ಬ ವಿದ್ಯಾರ್ಥಿಗೆ 0.64 ಮೀಟರ್, ಪಕ್ಕದವನಿಗೆ 1.00 ಮೀಟರ್ ಬರುತ್ತದೆ. ಉತ್ತರದ ಸೂತ್ರವನ್ನೂ ನಾವೇ ಕೊಟ್ಟಿರುತ್ತೇವೆ. ಗುರುತ್ವ ವೇಗೋತ್ಕರ್ಷ 9.8 ಎಂದು ಇಟ್ಟುಕೊಂಡರೆ ಮೊದಲನೆಯವನ ಉತ್ತರ 1.61 ಸೆಕೆಂಡು, ಎರಡನೆಯವನದು 2.01 ಸೆಕೆಂಡು. ಶೇಕಡ 1ರ ವ್ಯತ್ಯಾಸವನ್ನು ಒಪ್ಪಿಕೊಳ್ಳಿ ಎಂದು ಹೇಳಿದರೆ 1.59ರಿಂದ 1.62ರವರೆಗಿನ ಉತ್ತರಕ್ಕೆ ಅಂಕ ಸಿಗುತ್ತದೆ. ವರ್ಗಮೂಲ ತೆಗೆಯಲು ಮರೆತವನಿಗೆ 0.41 ಬರುತ್ತದೆ. ಅದನ್ನೂ ನಿರೀಕ್ಷಿತ ತಪ್ಪು ಉತ್ತರವೆಂದು ಸೇರಿಸಿ, 'ವರ್ಗಮೂಲ ತೆಗೆದಿದ್ದೀರಾ ನೋಡಿ' ಎಂಬ ಸೂಚನೆ ಕಾಣಿಸುವಂತೆ ಮಾಡಬಹುದು.

ಹೀಗೆ ಒಂದು ಪ್ರಶ್ನೆ ಸಿದ್ಧಪಡಿಸಲು ಅರ್ಧ ಗಂಟೆ ಹಿಡಿಯುತ್ತದೆ. ಮಕ್ಕಳು ಎಲ್ಲಿ ತಪ್ಪುತ್ತಾರೆ ಎಂಬ ತಿಳಿವಳಿಕೆ ಮಾತ್ರ ಅರ್ಧ ಗಂಟೆಯಲ್ಲಿ ಬರುವುದಲ್ಲ. ಅದು ಹತ್ತಾರು ವರ್ಷ ಉತ್ತರಪತ್ರಿಕೆ ತಿದ್ದಿದ್ದರ ಫಲ. ಮುನ್ನೂರು, ನಾನ್ನೂರು ಪ್ರಶ್ನೆಗಳ ಕೋಠಿಯೆಂದರೆ ಒಬ್ಬ ಅಧ್ಯಾಪಕರ ವೃತ್ತಿಜೀವನದ ಗಳಿಕೆ. ಪಾಠದ ಟಿಪ್ಪಣಿ ಕಳೆದುಹೋದರೆ ಮತ್ತೆ ಬರೆಯಬಹುದು, ಇದನ್ನು ಮತ್ತೆ ಮಾಡುವುದು ಕಷ್ಟ.

4.0ರಲ್ಲಿ ಪ್ರಶ್ನೆಗಳಿಗೂ ಆವೃತ್ತಿಗಳನ್ನು ಕೊಡುವ ಸೌಲಭ್ಯ ಬಂತು. ನೀವು ಒಂದು ಪ್ರಶ್ನೆಯನ್ನು ತಿದ್ದಿದರೆ ಹಳೆಯ ರೂಪ ಅಳಿಯದೆ ಉಳಿಯುತ್ತದೆ. ಹೋದ ವರ್ಷದ ವಿದ್ಯಾರ್ಥಿ ಉತ್ತರಿಸಿದ ಪ್ರಶ್ನೆ ಯಾವ ರೂಪದಲ್ಲಿತ್ತು ಎಂದು ನೋಡಬಹುದು. ಕ್ವಿಜ್‌ನಲ್ಲಿ ಒಂದು ನಿರ್ದಿಷ್ಟ ಆವೃತ್ತಿಯನ್ನೇ ಬಳಸಬೇಕೇ, ಯಾವಾಗಲೂ ಹೊಸದನ್ನೇ ಬಳಸಬೇಕೇ ಎಂಬುದನ್ನು ನೀವು ನಿರ್ಧರಿಸಬಹುದು. ಅಂಕದ ಬಗ್ಗೆ ತಕರಾರು ಬಂದಾಗ ಇದರ ಉಪಯೋಗ ಗೊತ್ತಾಗುತ್ತದೆ.

5.0 ಇನ್ನೂ ಮುಂದೆ ಹೋಗಿ ಪ್ರಶ್ನೆಗಳು ಇರುವ ಜಾಗವನ್ನೇ ಬದಲಿಸಿತು. ಅದಕ್ಕೆ ಮೊದಲು ಪ್ರಶ್ನೆಗಳನ್ನು ಹಲವು ಹಂತಗಳಲ್ಲಿ ಇಡಬಹುದಿತ್ತು: ಇಡೀ ತಾಣಕ್ಕೆ ಸೇರಿದವು, ಕೋರ್ಸ್‌ಗಳ ಒಂದು ವರ್ಗಕ್ಕೆ ಸೇರಿದವು, ಒಂದೇ ಕೋರ್ಸ್‌ಗೆ ಸೇರಿದವು, ಒಂದೇ ಕ್ವಿಜ್‌ಗೆ ಸೇರಿದವು. ಕಾಲೇಜಿನ ಗ್ರಂಥಾಲಯದ ಬೀರು, ವಿಭಾಗದ ಬೀರು, ತರಗತಿಯ ಬೀರು, ಪ್ರಶ್ನೆಪತ್ರಿಕೆಯ ಲಕೋಟೆ ಎಂದು ಇದನ್ನು ಕಲ್ಪಿಸಿಕೊಳ್ಳಿ. ಯಾವ ಬೀರುವಿನ ಬೀಗದ ಕೈ ಯಾರ ಬಳಿ ಇದೆ ಎಂಬುದು ಅನೇಕ ಬಾರಿ ಗೊಂದಲವಾಗುತ್ತಿತ್ತು.

ಈಗ ಪ್ರಶ್ನೆಕೋಠಿ ಎಂಬುದು ಕ್ವಿಜ್, ನಿಯೋಜಿತ ಕಾರ್ಯಗಳಂತೆಯೇ ಕೋರ್ಸ್‌ನಲ್ಲಿ ಸೇರಿಸಬಹುದಾದ ಒಂದು ಸ್ವತಂತ್ರ ಘಟಕ. ಒಂದು ಕೋರ್ಸ್‌ನಲ್ಲಿ ಎಷ್ಟು ಕೋಠಿಗಳನ್ನಾದರೂ ಇಡಬಹುದು. ಅನುಮತಿ ಇರುವವರು ಬೇರೆ ಕೋರ್ಸ್‌ನಲ್ಲಿ ಕುಳಿತು ಆ ಕೋಠಿಯಿಂದ ಪ್ರಶ್ನೆ ತೆಗೆದುಕೊಳ್ಳಬಹುದು. ಕ್ವಿಜ್‌ನ ಒಳಗೇ ಇಟ್ಟ ಪ್ರಶ್ನೆಗಳು ಆ ಕ್ವಿಜ್‌ಗೆ ಮಾತ್ರ. ಹೀಗಾಗಿ ಪ್ರತಿ ಬೀರುವಿಗೂ ಒಂದು ಗೊತ್ತಾದ ಕೊಠಡಿ, ಗೊತ್ತಾದ ಬೀಗದ ಕೈ ಇದ್ದಂತಾಯಿತು. ಭೌತಶಾಸ್ತ್ರ ವಿಭಾಗದವರು 'ಯಂತ್ರಶಾಸ್ತ್ರ', 'ದ್ಯುತಿಶಾಸ್ತ್ರ', 'ವಿದ್ಯುತ್ತು' ಎಂದು ಮೂರು ಕೋಠಿಗಳನ್ನು ಒಂದು ಸಾಮಾನ್ಯ ಕೋರ್ಸ್‌ನಲ್ಲಿಟ್ಟು ಎಲ್ಲ ಸೆಮಿಸ್ಟರ್‌ಗಳಿಗೂ ಬಳಸಬಹುದು.

ಹಳೆಯ ಬೀರುಗಳ ಪ್ರಶ್ನೆಗಳ ಗತಿ ಏನು? ಅವು ಅಳಿಯುವುದಿಲ್ಲ. ಮೇಲ್ದರ್ಜೆಗೆ ಏರಿಸುವಾಗ ತಂತ್ರಾಂಶ ಹೊಸ ಕೋಠಿಗಳನ್ನು ಸೃಷ್ಟಿಸಿ ಅವನ್ನು ಅಲ್ಲಿಗೆ ಸಾಗಿಸುತ್ತದೆ. ಕೋರ್ಸ್‌ಗಳ ವರ್ಗಕ್ಕೆ ಸೇರಿದ್ದ ಪ್ರಶ್ನೆಗಳನ್ನು ಇಡಲು ಹೊಸದೊಂದು ಕೋರ್ಸನ್ನೇ ತೆರೆಯುತ್ತದೆ. ಈ ಸಾಗಣೆ ಹಿನ್ನೆಲೆಯಲ್ಲಿ ನಡೆಯುವ ಕೆಲಸ. ಅದನ್ನು ನಡೆಸುವುದು 'ಕ್ರಾನ್' ಎಂಬ ಕಾಲಬದ್ಧ ಕಾರ್ಯವ್ಯವಸ್ಥೆ. ಕ್ರಾನ್ ಅನ್ನು ಸರಿಯಾಗಿ ಹೊಂದಿಸದ ಸರ್ವರ್‌ಗಳಲ್ಲಿ ಸಾಗಣೆ ನಡೆಯುವುದೇ ಇಲ್ಲ. ಅಧ್ಯಾಪಕರು ಎಂದಿನ ಜಾಗದಲ್ಲಿ ನೋಡಿ, ಪ್ರಶ್ನೆಗಳೆಲ್ಲ ಹೋದವು ಎಂದು ಗಾಬರಿಗೊಳ್ಳುತ್ತಾರೆ. ಆದ್ದರಿಂದ ಮೇಲ್ದರ್ಜೆಗೆ ಏರಿಸುವ ಮೊದಲು ಕ್ರಾನ್ ನಡೆಯುತ್ತಿದೆಯೇ ಎಂದು ನಿರ್ವಾಹಕರನ್ನು ಕೇಳಿ. ಇದೊಂದು ಪ್ರಶ್ನೆ ನಿಮ್ಮ ಒಂದು ವಾರದ ನಿದ್ದೆಯನ್ನು ಉಳಿಸೀತು.

ಕೃತಕ ಬುದ್ಧಿಮತ್ತೆಯ ಪ್ರವೇಶ

ವಿದ್ಯಾರ್ಥಿಗಳು ಹೆಚ್ಚು ಕುತೂಹಲದಿಂದ ಕೇಳುವುದು ಇದರ ಬಗ್ಗೆ. 4.5ರಲ್ಲಿ ಮೂಡಲ್ ಕೃತಕ ಬುದ್ಧಿಮತ್ತೆಗಾಗಿ ಒಂದು ಉಪವ್ಯವಸ್ಥೆಯನ್ನು ಸೇರಿಸಿತು. ಅದರಲ್ಲಿ ಎರಡು ಭಾಗಗಳಿವೆ. ಉತ್ತರವನ್ನು ಸಿದ್ಧಪಡಿಸುವ ಸೇವೆ ಒಂದು ಭಾಗ. ತೆರೆಯ ಮೇಲೆ ಅದು ಎಲ್ಲಿ ಕಾಣಿಸಿಕೊಳ್ಳಬೇಕು ಎಂಬುದು ಇನ್ನೊಂದು. ಪಠ್ಯ ಸಂಪಾದಕದಲ್ಲಿ ಬರಹ ಅಥವಾ ಚಿತ್ರ ಬರೆಸುವುದು, ಕೋರ್ಸ್‌ನ ಪುಟವೊಂದರ ಸಾರಾಂಶ ಪಡೆಯುವುದು ಇದರಲ್ಲಿ ಸೇರಿವೆ. 5.0ರಲ್ಲಿ ಪುಟದ ವಿಷಯವನ್ನು ವಿವರಿಸುವ ಸೌಲಭ್ಯವೂ ಬಂತು. ಇವು ತಾವಾಗಿಯೇ ಆರಂಭವಾಗುವುದಿಲ್ಲ. ನಿರ್ವಾಹಕರು ಸೇವೆಯನ್ನು ಆರಿಸಿ ಚಾಲನೆ ಕೊಡಬೇಕು. ಬಳಸುವವರು ನಿಯಮಗಳನ್ನು ಒಪ್ಪಿಕೊಳ್ಳಬೇಕು.

ಇಲ್ಲಿ ನೋಡಬೇಕಾದ ಸಂಗತಿ ದತ್ತಾಂಶದ ಪಯಣ. 4.5ರಲ್ಲಿ ಓಪನ್‌ಎಐ ಮತ್ತು ಅಜೂರ್ ಸೇವೆಗಳಿಗೆ ಸಂಪರ್ಕವಿತ್ತು. ಅಂದರೆ ನೀವು ಕಳಿಸಿದ ಪಠ್ಯ ಕಾಲೇಜಿನ ಸರ್ವರ್‌ನಿಂದ ಹೊರಕ್ಕೆ ಹೋಗುತ್ತದೆ. 5.0ರಲ್ಲಿ ಒಲಾಮಾ ಎಂಬುದಕ್ಕೂ ಸಂಪರ್ಕ ಬಂತು. ಇದು ಭಾಷಾ ಮಾದರಿಗಳನ್ನು ನಮ್ಮದೇ ಯಂತ್ರದಲ್ಲಿ ನಡೆಸುವ ತಂತ್ರಾಂಶ. ಪಠ್ಯ ಕಾಲೇಜಿನ ಒಳಗೇ ಉಳಿಯುತ್ತದೆ. ಆದರೆ ಅದಕ್ಕೆ ತಕ್ಕ ಸಾಮರ್ಥ್ಯದ ಯಂತ್ರ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 18 ವರ್ಷ ತುಂಬದವರನ್ನು ಮಕ್ಕಳೆಂದೇ ಪರಿಗಣಿಸುತ್ತದೆ. ಅವರ ದತ್ತಾಂಶ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಪದವಿಪೂರ್ವ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಬಹುಪಾಲು ಈ ವಯೋಮಾನದವರೇ. ಆದ್ದರಿಂದ ಇದಕ್ಕೆ ಚಾಲನೆ ಕೊಡುವುದು ಗಣಕ ವಿಭಾಗದ ಒಬ್ಬರ ತೀರ್ಮಾನವಾಗದೆ ಕಾಲೇಜಿನ ತೀರ್ಮಾನವಾಗಬೇಕು.

ಭೌತಶಾಸ್ತ್ರದ ಮೇಷ್ಟರಾಗಿ ಇನ್ನೊಂದು ಮಾತು. ಸಾರಾಂಶ ಸೊಗಸಾಗಿ ಕಾಣುತ್ತದೆ. ಆದರೆ ಸಾರಾಂಶದಲ್ಲಿ ಮೊದಲು ಬಿಟ್ಟುಹೋಗುವುದು ನಿಬಂಧನೆಗಳು. 'ಕಂಪನದ ಕೋನ ಚಿಕ್ಕದಾಗಿದ್ದಾಗ ಮಾತ್ರ' ಎಂಬ ಮಾತು ಬಿದ್ದುಹೋದರೆ ಲೋಲಕದ ಸೂತ್ರ ಉಳಿಯುತ್ತದೆ, ಭೌತಶಾಸ್ತ್ರ ಉಳಿಯುವುದಿಲ್ಲ. ಈ ಸೌಲಭ್ಯ ಬಳಸುವ ಮುನ್ನ ನಿಮ್ಮ ಟಿಪ್ಪಣಿಯ ನಾಲ್ಕು ಪುಟಗಳ ಮೇಲೆ ಅದನ್ನು ಪ್ರಯೋಗಿಸಿ, ಯಾವ ಯಾವ ನಿಬಂಧನೆಗಳು ಉಳಿದವು ಎಂದು ಎಣಿಸಿ ನೋಡಿ.

ಇನ್ನು ಕೆಲವು ಬದಲಾವಣೆಗಳು

4.5ರಲ್ಲಿ ಅಧ್ಯಾಯಗಳ ಒಳಗೆ ಉಪವಿಭಾಗಗಳನ್ನು ಮಾಡುವ ಅನುಕೂಲ ಬಂತು. 5.0ರಲ್ಲಿ ಕೋರ್ಸ್‌ನ ಚಟುವಟಿಕೆಗಳನ್ನೆಲ್ಲ ಒಂದೇ ಪುಟದಲ್ಲಿ ನೋಡುವ ವ್ಯವಸ್ಥೆ ಬಂತು. ಅದೇ ಆವೃತ್ತಿಗೆ ಪಿ.ಎಚ್.ಪಿ. 8.2 ಅಥವಾ ಅದಕ್ಕಿಂತ ಹೊಸದು ಬೇಕು. ಹಳೆಯ ಸರ್ವರ್ ಇದ್ದವರು ಮೊದಲು ಇದನ್ನು ನೋಡಿಕೊಳ್ಳಬೇಕು. 5.1ರಲ್ಲಿ ಜಾಲದಿಂದ ನೇರವಾಗಿ ತೆರೆಯಬಹುದಾದ ಕಡತಗಳನ್ನು 'ಪಬ್ಲಿಕ್' ಎಂಬ ಪ್ರತ್ಯೇಕ ಕೋಶಕ್ಕೆ ಸರಿಸಲಾಗಿದೆ. ಉಳಿದ ಕಡತಗಳನ್ನು ಹೊರಗಿನವರ ಕೈಗೆ ಎಟುಕದಂತೆ ಇಡುವುದು ಇದರ ಉದ್ದೇಶ. ಸರ್ವರ್‌ನ ಹೊಂದಾಣಿಕೆಯನ್ನು ಇದಕ್ಕೆ ತಕ್ಕಂತೆ ಬದಲಿಸದಿದ್ದರೆ ತಾಣ ತೆರೆಯದು.

ನೀವೇ ಮಾಡಿ ನೋಡಿ

ಮುನ್ನೋಟವನ್ನು ಓದುವುದಕ್ಕಿಂತ ಮಾಡಿ ನೋಡುವುದು ಮೇಲು. ಮೊದಲ ಪರಿಚಯಕ್ಕೆ ಮೂಡಲ್‌ನವರೇ 'ಮೌಂಟ್ ಆರೆಂಜ್' ಎಂಬ ಕಲ್ಪಿತ ಶಾಲೆಯ ಮಾದರಿ ತಾಣವನ್ನು ಇಟ್ಟಿದ್ದಾರೆ. ಅಲ್ಲಿ ಅಧ್ಯಾಪಕರಾಗಿಯೂ ವಿದ್ಯಾರ್ಥಿಯಾಗಿಯೂ ಪ್ರವೇಶಿಸಬಹುದು. ಗಂಟೆಗೊಮ್ಮೆ ಎಲ್ಲವೂ ಮೊದಲಿನಂತೆ ಆಗುವುದರಿಂದ ಕೆಡಿಸುವ ಭಯವಿಲ್ಲ. ಆದರೆ ನಿಮ್ಮ ಪ್ರಶ್ನೆಗಳು ಹೊಸ ಆವೃತ್ತಿಯಲ್ಲಿ ಹೇಗೆ ನಡೆಯುತ್ತವೆ ಎಂಬುದು ಅಲ್ಲಿ ತಿಳಿಯದು. ಅದಕ್ಕೆ ಕಾಲೇಜಿನಲ್ಲೇ ಒಂದು ಪ್ರಯೋಗದ ಪ್ರತಿ ಬೇಕು. ಅದರ ಕ್ರಮ ಹೀಗಿದೆ:

1. ಮೂರು ಅಂಗಗಳ ಪ್ರತಿ ತೆಗೆಯಿರಿ: ದತ್ತಸಂಚಯ, 'ಮೂಡಲ್‌ಡೇಟಾ' ಎಂಬ ಕಡತಗಳ ಕೋಶ, ತಂತ್ರಾಂಶದ ಸಂಕೇತ. ಒಂದು ಬಿಟ್ಟುಹೋದರೂ ಉಳಿದೆರಡು ಸಾಲವು.

2. ಆ ಪ್ರತಿಯನ್ನು ಬೇರೊಂದು ಗಣಕದಲ್ಲಿ ಸ್ಥಾಪಿಸಿ. ಹಳೆಯ ಡೆಸ್ಕ್‌ಟಾಪ್ ಆದರೂ ಸಾಕು. ಅದು ತೆರೆದರೆ ನಿಮ್ಮ ಬ್ಯಾಕಪ್ ನಿಜವಾದ ಬ್ಯಾಕಪ್ ಎಂದು ಸಾಬೀತಾಯಿತು. ತೆರೆದು ನೋಡದ ಬ್ಯಾಕಪ್ ಬರಿಯ ನಂಬಿಕೆ.

3. ಪ್ರಯೋಗದ ಪ್ರತಿಯಿಂದ ಮಿಂಚಂಚೆ ಹೋಗದಂತೆ ನಿಲ್ಲಿಸಿ. ಇಲ್ಲದಿದ್ದರೆ ನಿಮ್ಮ ಪ್ರಯೋಗದ ಸೂಚನೆಗಳು ನಿಜವಾದ ವಿದ್ಯಾರ್ಥಿಗಳಿಗೆ ತಲುಪುತ್ತವೆ.

4. ಏರಿಸುವ ಮುನ್ನ ಮೂರು ಸಂಗತಿಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ: ಪ್ರತಿ ಕೋರ್ಸ್‌ನ ಪ್ರಶ್ನೆಗಳ ಸಂಖ್ಯೆ, ಹಳೆಯ ಒಂದು ಕ್ವಿಜ್‌ನಲ್ಲಿ ಹತ್ತು ವಿದ್ಯಾರ್ಥಿಗಳ ಅಂಕ, ಬಳಸುತ್ತಿರುವ ಹೆಚ್ಚುವರಿ ಪ್ಲಗಿನ್‌ಗಳ ಪಟ್ಟಿ. ಏರಿಸಿದ ಮೇಲೆ ತಾಳೆ ನೋಡಿ.

5. ಸ್ಟ್ಯಾಕ್‌ನಂಥ ಗಣಿತದ ಪ್ಲಗಿನ್ ಬಳಸುವವರು ಅದು ಹೊಸ ಆವೃತ್ತಿಗೆ ಹೊಂದುತ್ತದೆಯೇ ಎಂದು ಮೊದಲೇ ನೋಡಿ. ಪ್ಲಗಿನ್‌ಗಳು ಮೂಡಲ್‌ನ ವೇಳಾಪಟ್ಟಿಗೆ ಬದ್ಧವಲ್ಲ.

6. ಒಬ್ಬ ವಿದ್ಯಾರ್ಥಿಯನ್ನು ಕೂರಿಸಿ ಮೊಬೈಲ್ ಫೋನಿನಲ್ಲೇ ಒಂದು ಕ್ವಿಜ್ ಮಾಡಿಸಿ. ಸೂತ್ರಗಳು, ಚಿತ್ರಗಳು, ಕನ್ನಡ ಅಕ್ಷರಗಳು ಸರಿಯಾಗಿ ಮೂಡುತ್ತವೆಯೇ ನೋಡಿ.

ಇದೆಲ್ಲದರ ಜೊತೆಗೆ, ನಿರ್ವಾಹಕರನ್ನು ಅವಲಂಬಿಸದೆ ನೀವೇ ಮಾಡಬಹುದಾದ ಒಂದು ಕೆಲಸವಿದೆ. ಪ್ರತಿ ಸೆಮಿಸ್ಟರ್‌ನ ಕೊನೆಗೆ ನಿಮ್ಮ ಪ್ರಶ್ನೆಗಳನ್ನು 'ಮೂಡಲ್ ಎಕ್ಸ್.ಎಂ.ಎಲ್.' ರೂಪದಲ್ಲಿ ರಫ್ತು ಮಾಡಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಇದು ಸಾಮಾನ್ಯ ಪಠ್ಯ ಕಡತ. ಪ್ರಶ್ನೆ, ಉತ್ತರ, ಸೂಚನೆಗಳು ಅದರಲ್ಲಿ ಇರುತ್ತವೆ. ಬೇರೆ ಸರ್ವರ್‌ನ ಮೂಡಲ್‌ಗೂ ಆಮದು ಮಾಡಿಕೊಳ್ಳಬಹುದು. ಅಂಕಪಟ್ಟಿಯನ್ನು ಸ್ಪ್ರೆಡ್‌ಶೀಟ್ ಆಗಿ ಇಳಿಸಿಕೊಂಡು ಒಂದು ಮುದ್ರಿತ ಪ್ರತಿ ತೆಗೆದಿಡಿ. 2011ರಲ್ಲಿ ಈ ಎರಡು ಕೆಲಸ ಮಾಡಿದ್ದರೆ ಆ ಹುಡುಗಿಯ ಹತ್ತೊಂಬತ್ತು ಅಂಕ ಉಳಿದಿರುತ್ತಿತ್ತು.

ಕನ್ನಡದ ಪಾಲು

ಮೂಡಲ್‌ಗೆ ಕನ್ನಡದ ಭಾಷಾ ಪೊಟ್ಟಣವಿದೆ. ತೆರೆಯ ಮೇಲಿನ ಪ್ರತಿ ಪದಗುಚ್ಛವೂ ಬೇರೆ ಬೇರೆಯಾಗಿ ಅನುವಾದವಾಗಬೇಕು. ಅನುವಾದ ಆಗಿರದಿದ್ದಲ್ಲಿ ಇಂಗ್ಲಿಷ್ ಪದವೇ ಕಾಣುತ್ತದೆ. ಪ್ರತಿ ಹೊಸ ಆವೃತ್ತಿಯೊಂದಿಗೆ ಹೊಸ ಪದಗುಚ್ಛಗಳು ಸೇರುವುದರಿಂದ ನಾವು ಸುಮ್ಮನಿದ್ದರೆ ಕನ್ನಡದ ತೆರೆಯಲ್ಲಿ ಇಂಗ್ಲಿಷ್ ಹೆಚ್ಚುತ್ತಲೇ ಹೋಗುತ್ತದೆ. ಇದು ಅಭಿಮಾನದ ಮಾತು ಮಾತ್ರವಲ್ಲ. ಕ್ವಿಜ್‌ನ ಕೊನೆಯಲ್ಲಿ ಬರುವ 'ಎಲ್ಲವನ್ನೂ ಒಪ್ಪಿಸಿ ಮುಗಿಸಿ' ಎಂಬ ಗುಂಡಿಯನ್ನು ವಿದ್ಯಾರ್ಥಿ ಒತ್ತುವುದು ಒಂದೇ ಸಲ. ಅದರ ಅರ್ಥ ತಿಳಿಯದೆ ಒತ್ತಿದರೆ ಪರೀಕ್ಷೆ ಮುಗಿದಂತೆಯೇ. ಅನುವಾದಕ್ಕೆ ಮೂಡಲ್‌ನಲ್ಲೇ ಸಾರ್ವಜನಿಕ ವ್ಯವಸ್ಥೆ ಇದೆ. ಯಾರು ಬೇಕಾದರೂ ಪದ ಸೂಚಿಸಬಹುದು. ಭಾಷಾ ಪೊಟ್ಟಣ ನೋಡಿಕೊಳ್ಳುವವರು ಪರಿಶೀಲಿಸಿ ಸೇರಿಸುತ್ತಾರೆ. ವಿಜ್ಞಾನ ಸಂಘದ ವಿದ್ಯಾರ್ಥಿಗಳು ನಾಲ್ಕು ಜನ ಸೇರಿ ಕ್ವಿಜ್ ಭಾಗವೊಂದನ್ನೇ ಕೈಗೆತ್ತಿಕೊಂಡರೂ ಅದು ನಿಜವಾದ ಕೊಡುಗೆ.

ಹೊಸ ಆವೃತ್ತಿ ಬಂದ ದಿನವೇ ಅದನ್ನು ಹಾಕಿಕೊಳ್ಳಬೇಕೆಂದು ಯಾರೂ ನಮ್ಮನ್ನು ಒತ್ತಾಯಿಸುವುದಿಲ್ಲ. ಹಳೆಯದರಲ್ಲೇ ಎಂದೆಂದಿಗೂ ಉಳಿಯುವುದೂ ಕ್ಷೇಮವಲ್ಲ. ಭದ್ರತಾ ತಿದ್ದುಪಡಿ ನಿಂತುಹೋದ ತಂತ್ರಾಂಶ ಬೀಗ ಕೆಟ್ಟ ಬೀರುವಿದ್ದಂತೆ. ಇವೆರಡರ ನಡುವೆ ಸಾಕಷ್ಟು ಕಾಲಾವಕಾಶವಿದೆ. ಬರಲಿರುವುದರ ಟಿಪ್ಪಣಿ ನಮ್ಮೆದುರು ತೆರೆದೇ ಇದೆ. ಈ ರಜೆಯಲ್ಲಿ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು, ನಿಮ್ಮ ಕಾಲೇಜಿನ ಮೂಡಲ್ ಯಾವ ಆವೃತ್ತಿಯದು, ಅದರ ಅವಧಿ ಎಂದಿಗೆ ಮುಗಿಯುತ್ತದೆ, ನಿಮ್ಮ ಪ್ರಶ್ನೆಗಳ ಪ್ರತಿ ಎಲ್ಲಿದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿಡಿ. ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ಉಳಿದೆಲ್ಲ ಕೆಲಸ ಬಿಟ್ಟು ಮೊದಲು ಅದನ್ನು ಮಾಡಿ.